ವಿಮೆ: ಟವೆಲ್ ಹಾಸುವ ಮುನ್ನ ಒಂದು ಲೆಕ್ಕ

ಜುಮಾ ನಮಾಝ್ ಮುಗಿದ ಕೂಡಲೇ ಮಸೀದಿಯ ಧ್ವನಿವರ್ಧಕದಲ್ಲಿ ಕೇಳಿಬರುವ ಆ ಪ್ರಕಟಣೆ ನಮಗೆಲ್ಲ ಎಷ್ಟೊಂದು ಪರಿಚಿತ! ಮೊಹಲ್ಲಾದ ಸಹೋದರರೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾಗಿದೆ, ಕುಟುಂಬ ಸಂಕಷ್ಟದಲ್ಲಿದೆ, ಉದಾರವಾಗಿ ಸಹಕರಿಸಿರಿ. ಬಾಗಿಲ ಬಳಿ ಇಬ್ಬರು ಯುವಕರು ಟವೆಲ್ ಹಿಡಿದು ನಿಂತಿರುತ್ತಾರೆ. ಹತ್ತು, ಇಪ್ಪತ್ತು, ಐವತ್ತರ ನೋಟುಗಳು ಅದರೊಳಕ್ಕೆ ಬೀಳುತ್ತವೆ. ಎಣಿಸಿದರೆ ಹತ್ತು ಸಾವಿರವೋ ಹದಿನೈದು ಸಾವಿರವೋ ಆಗುತ್ತದೆ. ಆಸ್ಪತ್ರೆ ಕೇಳಿರುವುದು ಮೂರು ಲಕ್ಷ. ಉಳಿದ ಹಣ ಎಲ್ಲಿಂದ ಬರುತ್ತದೆ? ಮೊದಲು ಮನೆಯಾಕೆಯ ಒಡವೆ ಅಡಕ್ಕೆ ಹೋಗುತ್ತದೆ. ಅದು ಸಾಲದಾದಾಗ ಬಡ್ಡಿ ಸಾಲಿಗನ ಮನೆಯ ಬಾಗಿಲು ತೆರೆಯುತ್ತದೆ. ಅದೂ ಸಾಲದಾದಾಗ ಮಗನ ಶಾಲೆ ನಿಲ್ಲುತ್ತದೆ.

ಚಿಕ್ಕಬಳ್ಳಾಪುರದಲ್ಲಿರಲಿ, ಗೌರಿಬಿದನೂರಿನಲ್ಲಿರಲಿ, ಚಿಂತಾಮಣಿ ಅಥವಾ ಶಿಡ್ಲಘಟ್ಟದಲ್ಲಿರಲಿ, ಈ ದೃಶ್ಯವನ್ನು ಕಾಣದ ಮುಸ್ಲಿಮ್ ಕುಟುಂಬ ಇರಲಾರದು. ಟವೆಲ್ ಹಿಡಿದ ಯುವಕರ ಕಳಕಳಿಯನ್ನಾಗಲೀ ಅದಕ್ಕೆ ಹಣ ಹಾಕಿದವರ ಔದಾರ್ಯವನ್ನಾಗಲೀ ಇಲ್ಲಿ ಪ್ರಶ್ನಿಸುತ್ತಿಲ್ಲ. ಪ್ರಶ್ನೆ ಬೇರೆಯೇ ಇದೆ. ಕಾಯಿಲೆ ಬರುತ್ತದೆ, ಅಪಘಾತ ಆಗುತ್ತದೆ, ದುಡಿಯುವವನು ಒಂದು ದಿನ ಕಣ್ಮುಚ್ಚುತ್ತಾನೆ ಎಂಬುದು ಯಾರಿಗೂ ತಿಳಿಯದ ರಹಸ್ಯವೇನಲ್ಲ. ಹಾಗಿದ್ದೂ ಆ ದಿನ ಬಂದ ಮೇಲಷ್ಟೇ ನಾವೇಕೆ ಎಚ್ಚೆತ್ತುಕೊಳ್ಳುತ್ತೇವೆ?

ಈ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿವೆ. ‘ವಿಮೆ ಹರಾಮ್, ನಾವು ಅಲ್ಲಾಹನ ಮೇಲೆ ಭರವಸೆ ಇಟ್ಟಿದ್ದೇವೆ’ ಎಂಬುದು ಒಂದು. ‘ನಮ್ಮದು ಇದೆಯಲ್ಲ, ಭಾವನವರು ಏಜೆಂಟ್, ಅವರೇ ಒಂದು ಪಾಲಿಸಿ ಮಾಡಿಸಿದ್ದಾರೆ’ ಎಂಬುದು ಇನ್ನೊಂದು. ಮೊದಲನೆಯವರು ಲೆಕ್ಕವನ್ನೇ ಹಾಕಿಲ್ಲ. ಎರಡನೆಯವರ ಲೆಕ್ಕವನ್ನು ಬೇರೊಬ್ಬರು ಹಾಕಿದ್ದಾರೆ. ಈ ಎರಡೂ ಉತ್ತರಗಳು ನಮ್ಮ ಮನೆಗಳನ್ನು ಬೀದಿಗೆ ತರುತ್ತಿವೆ ಎಂಬುದನ್ನು ಸ್ಪಷ್ಟವಾಗಿ ಹೇಳಲೇಬೇಕಾಗಿದೆ.

ಮೊದಲನೆಯ ಉತ್ತರವನ್ನೇ ಪರಿಶೀಲಿಸೋಣ. ವಾಣಿಜ್ಯ ವಿಮೆಯ ಬಗ್ಗೆ ಉಲಮಾಗಳಿಗೆ ಗಂಭೀರ ಆಕ್ಷೇಪಗಳಿವೆ ಎಂಬುದು ನಿಜ. 1985ರ ಡಿಸೆಂಬರ್‌ನಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು ನಿಗದಿತ ಕಂತಿನ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ. ಆದರೆ ಅದೇ ಅಕಾಡೆಮಿ ಅದೇ ನಿರ್ಣಯದಲ್ಲಿ, ಪರಸ್ಪರ ನೆರವಿನ ತಳಹದಿಯ ಸಹಕಾರಿ ವಿಮೆಯನ್ನು ಪರ್ಯಾಯವೆಂದು ಎತ್ತಿಹಿಡಿಯಿತು. ಅಂದರೆ ಬಾಗಿಲು ಮುಚ್ಚಿ ಕೈ ತೊಳೆದುಕೊಳ್ಳದೆ ಇನ್ನೊಂದು ಬಾಗಿಲನ್ನು ತೋರಿಸಿತು. ಸಿರಿಯಾದ ವಿದ್ವಾಂಸ ಮುಸ್ತಫಾ ಅಝ್ಝರ್ಕಾರಂತಹವರು ವಿಮಾ ಒಪ್ಪಂದಕ್ಕೆ ಅವಕಾಶವಿದೆಯೆಂದೇ ವಾದಿಸಿದ್ದರು. ನಮ್ಮ ದೇಶದವರೇ ಆದ ಇಸ್ಲಾಮಿ ಅರ್ಥಶಾಸ್ತ್ರಜ್ಞ ಡಾ. ಮುಹಮ್ಮದ್ ನಜಾತುಲ್ಲಾ ಸಿದ್ದೀಕಿಯವರು ಜೂಜಿಗೂ ವಿಮೆಗೂ ಇರುವ ವ್ಯತ್ಯಾಸವನ್ನು ಬಿಡಿಸಿ ತೋರಿಸಿದ್ದರು. ಜೂಜುಕೋರನು ಇಲ್ಲದ ಅಪಾಯವನ್ನು ಹಣ ಕೊಟ್ಟು ಮೈಮೇಲೆ ಎಳೆದುಕೊಳ್ಳುತ್ತಾನೆ. ವಿಮೆ ಮಾಡಿಸುವವನ ಮುಂದೆ ಅಪಾಯವು ಮೊದಲೇ ಇರುತ್ತದೆ, ಅವನು ಅದರ ಭಾರವನ್ನು ಹಲವರೊಂದಿಗೆ ಹಂಚಿಕೊಳ್ಳುತ್ತಾನೆ. ಕೋಮು ಗಲಭೆಗಳಲ್ಲಿ ಮನೆ, ಅಂಗಡಿ, ಪ್ರಾಣ ಕಳೆದುಕೊಂಡ ಈ ದೇಶದ ಮುಸ್ಲಿಮರ ವಿಶೇಷ ಪರಿಸ್ಥಿತಿಯನ್ನು ಗಮನಿಸಿ ವಿಮೆಗೆ ಅವಕಾಶ ಕಲ್ಪಿಸಿದ ಉಲಮಾಗಳೂ ಭಾರತದಲ್ಲಿದ್ದಾರೆ.

ಈ ಅಭಿಪ್ರಾಯಗಳಲ್ಲಿ ಯಾವುದನ್ನು ಒಪ್ಪಬೇಕೆಂಬುದು ಪ್ರತಿಯೊಬ್ಬರೂ ತಾವು ನಂಬುವ ಆಲಿಮರಲ್ಲಿ ಕೇಳಿ ತಿಳಿದುಕೊಳ್ಳಬೇಕಾದ ವಿಷಯ. ಆದರೆ ಒಂದು ಮಾತನ್ನು ಹೇಳದೆ ಇರಲಾಗದು. ವಿಮೆಯಲ್ಲಿ ಬಡ್ಡಿಯ ಸೋಂಕಿದೆ ಎಂದು ಅದನ್ನು ದೂರವಿಟ್ಟ ಮನುಷ್ಯ, ಆಸ್ಪತ್ರೆಯ ಬಿಲ್ಲು ಬಂದ ದಿನ ನೂರಕ್ಕೆ ಐದು, ಹತ್ತರಂತೆ ತಿಂಗಳ ಬಡ್ಡಿಗೆ ಸಾಲ ತರುತ್ತಾನೆ. ಶಂಕೆಯಿರುವ ವಸ್ತುವಿನಿಂದ ತಪ್ಪಿಸಿಕೊಂಡವನು ಯಾವ ಶಂಕೆಗೂ ಎಡೆಯಿಲ್ಲದ ಹರಾಮಿನೊಳಗೆ ಕುತ್ತಿಗೆವರೆಗೆ ಮುಳುಗುತ್ತಾನೆ! ಇದು ತಕ್ವಾ ಆಗುವುದಾದರೂ ಹೇಗೆ?

ಇನ್ನು ತವಕ್ಕುಲ್. ಒಂಟೆಯನ್ನು ಕಟ್ಟಿ ಹಾಕಿ ಆ ಬಳಿಕ ಅಲ್ಲಾಹನ ಮೇಲೆ ಭರವಸೆ ಇಡುವಂತೆ ಪ್ರವಾದಿ(ಸ) ಕಲಿಸಿದ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ತಮ್ಮ ಸಂಪತ್ತನ್ನೆಲ್ಲ ದಾನ ಮಾಡಬಯಸಿದಾಗ ಪ್ರವಾದಿ(ಸ) ಅವರನ್ನು ಮೂರನೇ ಒಂದು ಭಾಗಕ್ಕೆ ತಡೆದು ನಿಲ್ಲಿಸಿದರು. ವಾರೀಸುದಾರರು ಜನರ ಮುಂದೆ ಕೈಯೊಡ್ಡುವಂತಾಗಬಾರದು ಎಂಬುದೇ ಅದಕ್ಕೆ ಅವರು ಕೊಟ್ಟ ಕಾರಣ. ದಾನಕ್ಕೇ ಮಿತಿ ಹಾಕಿ ಹೆಂಡತಿ ಮಕ್ಕಳ ಮಾನ ಕಾಪಾಡಿದ ಧರ್ಮದ ಅನುಯಾಯಿಗಳು ನಾವು. ಆದರೆ ನಮ್ಮ ವಿಧವೆಯರು ರಮಝಾನ್ ತಿಂಗಳಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದಾರೆ.

ಎರಡನೆಯ ಉತ್ತರಕ್ಕೆ ಬರೋಣ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ರಾಜ್ಯದ ಅತಿ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿಗೆ ಬರುವ ನಮ್ಮ ರೀಲರ್‌ಗಳನ್ನು ಗಮನಿಸಿ. ಲಾಟಿನೊಳಗೆ ಕೈ ಹಾಕುತ್ತಾರೆ, ಗೂಡನ್ನು ಅದುಮಿ ನೋಡುತ್ತಾರೆ, ಕಿವಿಯ ಬಳಿ ಹಿಡಿದು ಅಲುಗಾಡಿಸುತ್ತಾರೆ. ಒಂದು ಕೆ.ಜಿ. ಗೂಡಿಗೆ ಐದು ರೂಪಾಯಿ ಹೆಚ್ಚು ಕೂಗುವ ಮೊದಲು ಮನಸ್ಸಿನಲ್ಲೇ ಹತ್ತು ಲೆಕ್ಕ ಹಾಕುತ್ತಾರೆ. ಅದೇ ಮನುಷ್ಯ, ಇಪ್ಪತ್ತು ವರ್ಷ ಹಣ ಕಟ್ಟಬೇಕಾದ ವಿಮೆಯ ಅರ್ಜಿಗೆ ಅದರಲ್ಲೇನಿದೆ ಎಂದು ಓದದೆ ಸಹಿ ಹಾಕುತ್ತಾನೆ! ಏಕೆಂದರೆ ಏಜೆಂಟ್ ನೆಂಟ. ನೆಂಟನ ಮುಖ ಮುರಿಯುವುದು ಹೇಗೆ?

ಹೀಗೆ ಸಹಿ ಬೀಳುವುದು ಸಾಮಾನ್ಯವಾಗಿ ಉಳಿತಾಯ ಮತ್ತು ವಿಮೆ ಎರಡನ್ನೂ ಬೆರೆಸಿದ ಪಾಲಿಸಿಗೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ವರ್ಷಕ್ಕೆ 10,000 ರೂಪಾಯಿಯಂತೆ 20 ವರ್ಷ ಕಟ್ಟುವ, 2 ಲಕ್ಷ ರೂಪಾಯಿಯ ಪಾಲಿಸಿ. ಎರಡು ಕಂತು ಕಟ್ಟಿದ ಮೇಲೆ ಗೂಡಿನ ದರ ಏರಿ ನೂಲಿನ ದರ ಇಳಿದು ಕಸುಬು ನಷ್ಟಕ್ಕೆ ಬಿತ್ತು, ಮೂರನೆಯ ಕಂತು ನಿಂತಿತು. 2024ರ ಅಕ್ಟೋಬರ್‌ಗೆ ಮೊದಲಿದ್ದ ನಿಯಮದ ಪ್ರಕಾರ ಆತನಿಗೆ ಖಾತರಿಯಾಗಿ ಮರಳುತ್ತಿದ್ದುದು ಕಟ್ಟಿದ ಹಣದ ಶೇ. 30 ಮಾತ್ರ, ಅಂದರೆ 20,000ಕ್ಕೆ 6,000. ಒಂದೇ ಕಂತು ಕಟ್ಟಿ ನಿಲ್ಲಿಸಿದವನಿಗೆ ಏನೂ ಇರಲಿಲ್ಲ. 2024ರ ಅಕ್ಟೋಬರ್‌ನಿಂದ ನಿಯಮ ಸುಧಾರಿಸಿದೆ, ಒಂದು ವರ್ಷದ ಕಂತು ಕಟ್ಟಿದವರಿಗೂ ಸ್ವಲ್ಪ ಮೊತ್ತ ಮರಳಬೇಕೆಂದಾಗಿದೆ. ಆದರೂ ನಡುವೆ ಬಿಟ್ಟವನಿಗೆ ನಷ್ಟ ತಪ್ಪಿದ್ದಲ್ಲ. ನಮ್ಮ ದೇಶದ ವಿಮಾ ಕಾಯ್ದೆಯು ಬಹುಕಾಲ ಇಂತಹ ಪಾಲಿಸಿಗಳ ಮೊದಲ ವರ್ಷದ ಕಂತಿನಲ್ಲಿ ಶೇ. 35ರವರೆಗೆ ಕಮಿಷನ್‌ಗೆ ಅವಕಾಶ ನೀಡಿತ್ತು ಎಂಬುದನ್ನು ತಿಳಿದರೆ, ನೆಂಟ ಇದನ್ನೇ ಏಕೆ ಶಿಫಾರಸು ಮಾಡಿದನೆಂಬುದು ತಾನಾಗಿಯೇ ಅರ್ಥವಾಗುತ್ತದೆ.

ಇಲ್ಲಿ ಇನ್ನೊಂದು ವಿಪರ್ಯಾಸವಿದೆ. ಅವಧಿಯೊಳಗೆ ಸತ್ತರೆ ಮಾತ್ರ ಹಣ, ಬದುಕಿದ್ದರೆ ಏನೂ ಇಲ್ಲ ಎಂಬ ಸರಳ ಅವಧಿ ವಿಮೆಯನ್ನು ನಮ್ಮವರು ‘ಹಣ ದಂಡ’ ಎಂದು ತಳ್ಳಿಹಾಕುತ್ತಾರೆ. ‘ಹಣ ವಾಪಸ್ಸು ಬರುತ್ತದೆ’ ಎಂದು ಬೋನಸ್‌ನ ಪಾಲಿಸಿಯನ್ನು ಅಪ್ಪಿಕೊಳ್ಳುತ್ತಾರೆ. ಆದರೆ ಆ ಬೋನಸ್ ಹೆಚ್ಚಾಗಿ ಹುಟ್ಟುವುದೇ ಬಡ್ಡಿ ತರುವ ಸಾಲಪತ್ರಗಳಿಂದ! ಬಡ್ಡಿಯ ಭಯ ನಿಜವಾಗಿಯೂ ಇರುವವರು ಎಲ್ಲರಿಗಿಂತ ಮೊದಲು ದೂರವಿಡಬೇಕಾದುದು ಈ ಉಳಿತಾಯದ ಪಾಲಿಸಿಯನ್ನು.

ಹಾಗಾದರೆ ವಿಮೆಗೆ ಕೊಡುವ ಹಣ ಸಾರ್ಥಕವೇ, ದಂಡವೇ? ಇದಕ್ಕೆ ಒಂದೇ ಅಳತೆಗೋಲು ಸಾಕು. ಯಾವ ನಷ್ಟವನ್ನು ನಾವೇ ಹೊರಬಲ್ಲೆವೋ ಅದಕ್ಕೆ ವಿಮೆ ಬೇಡ. ಯಾವ ನಷ್ಟ ಬಂದರೆ ಮನೆಯೇ ಮುಳುಗುತ್ತದೋ ಅದಕ್ಕೆ ರಕ್ಷಣೆ ಬೇಕು. ಮೊಬೈಲ್‌ನ ಗಾಜು ಒಡೆದರೆ ಮನೆ ಮುಳುಗದು. ಪುಟ್ಟ ಮಗುವಿನ ಹೆಸರಿನಲ್ಲಿ ಜೀವವಿಮೆ ಮಾಡಿಸುವುದು ಅರ್ಥಹೀನ, ಏಕೆಂದರೆ ಮನೆ ನಡೆಯುತ್ತಿರುವುದು ಮಗುವಿನ ದುಡಿಮೆಯಿಂದಲ್ಲ. ಆದರೆ ಆ ಮಗುವಿನ ತಂದೆ, ಬಿಸಿನೀರಿನ ಬಾಣಲೆಯ ಮುಂದೆ ಹಬೆಯಲ್ಲಿ ದಿನವಿಡೀ ದುಡಿಯುವವನು, ಇಲ್ಲವಾದರೆ ಐದು ಹೊಟ್ಟೆಗಳು ಖಾಲಿಯಾಗುತ್ತವೆ. ರಕ್ಷಣೆ ಬೇಕಾದದ್ದು ಅಲ್ಲಿ. ಅವಲಂಬಿತರೇ ಇಲ್ಲದ ಅವಿವಾಹಿತನಿಗೆ ಜೀವವಿಮೆಯ ತುರ್ತಿಲ್ಲ. ಮೂರು ಮಕ್ಕಳ ತಂದೆಗೆ ಇದೆ.

ಈ ಅಳತೆಗೋಲನ್ನು ಹಿಡಿದು ನಮ್ಮ ಮನೆಗಳನ್ನು ನೋಡಿದರೆ ಅಚ್ಚರಿಯೊಂದು ಕಾದಿದೆ. ಅತಿ ಅಗತ್ಯವಾದ ರಕ್ಷಣೆಯೇ ಅತಿ ಅಗ್ಗವಾಗಿದೆ, ಕೆಲವು ಕಡೆ ಉಚಿತವೂ ಆಗಿದೆ. ಆದರೆ ನಾವು ಅದನ್ನು ಮುಟ್ಟಿಲ್ಲ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯನ್ನೇ ತೆಗೆದುಕೊಳ್ಳಿ. 2018ರಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಲಭ್ಯ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸರಕಾರ ಭರಿಸುತ್ತದೆ. ಇದಕ್ಕೆ ಕಂತಿಲ್ಲ, ಏಜೆಂಟ್ ಇಲ್ಲ. ನಮ್ಮದೇ ತೆರಿಗೆಯ ಹಣದಿಂದ ನಡೆಯುವ ಇದರಲ್ಲಿ ಹರಾಮಿನ ಚರ್ಚೆಗೂ ಆಸ್ಪದವಿಲ್ಲ. ಆದರೆ ಇದಕ್ಕೊಂದು ಕ್ರಮವಿದೆ. ತುರ್ತು ಸಂದರ್ಭವಲ್ಲದಿದ್ದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲವೆಂದಾದರೆ ಅಲ್ಲಿಂದ ಶಿಫಾರಸು ಪತ್ರ ಪಡೆದು ಯೋಜನೆಗೆ ಒಳಪಟ್ಟ ಆಸ್ಪತ್ರೆಗೆ ಹೋಗಬೇಕು. ನಮ್ಮವರು ಮಾಡುವುದೇನು? ನೇರವಾಗಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಓಡುತ್ತಾರೆ. ಮುಂಗಡ ಕಟ್ಟುತ್ತಾರೆ. ಮೂರನೆಯ ದಿನ ಹಣ ಮುಗಿದಾಗ ಯಾರೋ ಕಾರ್ಡಿನ ನೆನಪು ಮಾಡುತ್ತಾರೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಅಜ್ಞಾನಕ್ಕೆ ತೆರುವ ಇಂತಹ ದುಬಾರಿ ದಂಡ ಇನ್ನೊಂದಿರಲಾರದು.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ತಿಂಗಳಿಗೆ 5 ರೂಪಾಯಿಯಂತೆ ಆರಂಭಗೊಂಡ ಈ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮರುಜೀವ ಪಡೆಯಿತು. ಆಗ ಗ್ರಾಮೀಣ ಸಂಘಗಳ ಸದಸ್ಯರ ನಾಲ್ಕು ಮಂದಿಯ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರ ಸಂಘಗಳ ಸದಸ್ಯರಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಹಾಲಿನ ಸಂಘಕ್ಕೆ ಹಾಲು ಹಾಕುವ ನಮ್ಮ ಎಷ್ಟು ಮನೆಗಳು ಇದರ ಬಗ್ಗೆ ಸಂಘದ ಕಾರ್ಯದರ್ಶಿಯಲ್ಲಿ ವಿಚಾರಿಸಿವೆ? ಗೌರಿಬಿದನೂರಿನ ಕಾರ್ಖಾನೆಗಳಿಗೆ ಹೋಗುವ ನಮ್ಮ ಹೆಣ್ಣುಮಕ್ಕಳ ಸಂಬಳದಿಂದ ಇ.ಎಸ್.ಐ.ಗಾಗಿ ಶೇ. 0.75 ಕಡಿತವಾಗುತ್ತದೆ, ಮಾಲೀಕರು ಶೇ. 3.25 ಸೇರಿಸುತ್ತಾರೆ. ಆ ಹಣದಿಂದ ಅವಳಿಗೆ ಮಾತ್ರವಲ್ಲ, ಅವಳನ್ನು ಅವಲಂಬಿಸಿರುವ ಕುಟುಂಬಕ್ಕೂ ಚಿಕಿತ್ಸೆಯ ಹಕ್ಕಿದೆ. ಮಗಳ ಕಾರ್ಡು ಪೆಟ್ಟಿಗೆಯಲ್ಲಿ, ತಾಯಿಯ ಚಿಕಿತ್ಸೆ ಸಾಲದಲ್ಲಿ!

ಇನ್ನು ಸಾವು ಮತ್ತು ಅಪಘಾತ. 2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೋ ಡಿಕ್ಕಿ ಹೊಡೆದು 13 ಮಂದಿ ಸತ್ತರು. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟ 6 ಮಂದಿಯನ್ನು ಬಲಿ ತೆಗೆದುಕೊಂಡಿತು. ಬೆಳಿಗ್ಗೆ ದುಡಿಮೆಗೆಂದು ಹೊರಟವನು ಸಂಜೆ ಮರಳುತ್ತಾನೆಂಬ ಖಾತರಿ ಯಾರಿಗಿದೆ? ಬ್ಯಾಂಕು ಅಥವಾ ಅಂಚೆ ಕಚೇರಿಯಲ್ಲಿ ಖಾತೆಯಿರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿಯಲ್ಲಿ 2 ಲಕ್ಷದ ಅಪಘಾತ ರಕ್ಷಣೆ ನೀಡುವ ಸುರಕ್ಷಾ ಬಿಮಾ ಯೋಜನೆ 2015ರಿಂದ ಇದೆ. ಯಾವುದೇ ಕಾರಣದ ಸಾವಿಗೆ 2 ಲಕ್ಷ ನೀಡುವ ಜೀವನ್ ಜ್ಯೋತಿ ಯೋಜನೆಗೆ ವರ್ಷಕ್ಕೆ 436 ರೂಪಾಯಿ. ಅದಕ್ಕೆ 18ರಿಂದ 50 ವರ್ಷದೊಳಗೆ ಸೇರಬೇಕು, 55ರವರೆಗೆ ರಕ್ಷಣೆ ಇರುತ್ತದೆ. ಎರಡೂ ಸೇರಿ 456 ರೂಪಾಯಿ, ದಿನಕ್ಕೆ ಸುಮಾರು ಒಂದೂಕಾಲು ರೂಪಾಯಿ. ಮೇಲೆ ಹೇಳಿದ 10,000 ರೂಪಾಯಿಯ ಪಾಲಿಸಿಯ ಮೂಲ ಮೊತ್ತವೂ ಇದೇ 2 ಲಕ್ಷ ಎಂಬುದನ್ನು ನೆನಪಿಸಿಕೊಳ್ಳಿ.

ಮುರುಗಮಲ್ಲದ ದರ್ಗಾಕ್ಕೆ ಜನರನ್ನು ಕರೆದೊಯ್ಯುವ ಚಿಂತಾಮಣಿಯ ಆಟೊ ಚಾಲಕನೂ, ಹೂವಿನ ಮೂಟೆ ಕಟ್ಟಿಕೊಂಡು ಬೈಕಿನಲ್ಲಿ ಹೊರಡುವ ಚಿಕ್ಕಬಳ್ಳಾಪುರದ ವ್ಯಾಪಾರಿಯೂ ಇನ್ನೊಂದನ್ನು ತಿಳಿದಿರಬೇಕು. ವಾಹನಕ್ಕೆ ಕಡ್ಡಾಯವಾಗಿರುವ ಮೂರನೇ ವ್ಯಕ್ತಿ ವಿಮೆ ಇತರರಿಗಾದ ಹಾನಿಗೆ ಮಾತ್ರ. ವಾಹನ ಓಡಿಸುವ ಮಾಲೀಕನ ಸ್ವಂತ ಜೀವಕ್ಕೆ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಪ್ರತ್ಯೇಕವಾಗಿದೆ. ಅದಕ್ಕೆ ತಗಲುವುದು ಕೆಲವು ನೂರು ರೂಪಾಯಿಗಳಷ್ಟೇ. ಆ ಕೆಲವು ನೂರನ್ನು ಉಳಿಸಲೆಂದು ಅದನ್ನು ಬಿಟ್ಟುಬಿಡುವಂತೆ ಕೇಳಿಕೊಳ್ಳುವವರು ನಮ್ಮಲ್ಲಿದ್ದಾರೆ.

ಬಿ.ಪಿ.ಎಲ್. ಕಾರ್ಡಿಲ್ಲದ ಮಧ್ಯಮ ವರ್ಗದ ಸ್ಥಿತಿ ಸ್ವಲ್ಪ ಕಠಿಣ. ನಾಲ್ಕು ಮಂದಿಯ ಕುಟುಂಬಕ್ಕೆ 5 ಲಕ್ಷದ ಖಾಸಗಿ ಆರೋಗ್ಯ ವಿಮೆ ಎಂದರೆ ವಯಸ್ಸಿಗೆ ಅನುಗುಣವಾಗಿ ವರ್ಷಕ್ಕೆ ಹದಿನೈದು, ಇಪ್ಪತ್ತು ಸಾವಿರವಾದೀತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ವಿಮೆಯ ಮೇಲಿನ ಶೇ. 18 ಜಿ.ಎಸ್.ಟಿ. ರದ್ದಾಗಿರುವುದು ಕೊಂಚ ನಿರಾಳ. ಇದು ದುಬಾರಿಯೇ? ಮದುವೆ ಮಂಟಪದ ಒಂದು ದಿನದ ಬಾಡಿಗೆಯ ಪಕ್ಕದಲ್ಲಿಟ್ಟು ನೋಡಿ ಉತ್ತರಿಸಿ. ಆದರೆ ಕೊಳ್ಳುವಾಗ ಎರಡು ಎಚ್ಚರ ಅಗತ್ಯ. ಮೊದಲನೆಯದು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಏಜೆಂಟ್ ‘ಏನೂ ಇಲ್ಲವೆಂದು ಬರೆಯೋಣ’ ಎಂದರೂ ಒಪ್ಪಬೇಡಿ. ಅದು ಸುಳ್ಳು ಸಾಕ್ಷ್ಯವೂ ಹೌದು, ಮುಂದೆ ಪರಿಹಾರ ತಿರಸ್ಕಾರಗೊಳ್ಳಲು ನಾವೇ ಕೊಡುವ ಅಸ್ತ್ರವೂ ಹೌದು. ನಿಜ ಹೇಳಿದರೆ ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದುದು 2024ರ ನಿಯಮದಂತೆ ಹೆಚ್ಚೆಂದರೆ ಮೂರು ವರ್ಷ. ಎರಡನೆಯದು, ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಓದಿ, ಓದಿಸಿ. ಹೇಳಿದ್ದೇ ಬೇರೆ, ಬರೆದಿದ್ದೇ ಬೇರೆ ಎಂದಾದರೆ ಹಿಂದಿರುಗಿಸುವ ಹಕ್ಕು ನಿಮಗಿದೆ. ಅನ್ಯಾಯವಾದರೆ ಶುಲ್ಕವಿಲ್ಲದೆ ದೂರು ಸ್ವೀಕರಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲಿದೆ.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬ ಸಹೋದರರು, ‘ನಾನು ವಾಣಿಜ್ಯ ವಿಮೆಯನ್ನು ಒಪ್ಪಲಾರೆ’ ಎಂದರೆ ಅವರ ಆತ್ಮಸಾಕ್ಷಿಗೆ ಗೌರವ ಸಲ್ಲಬೇಕು. ಆದರೆ ಅವರ ಮೇಲೆ, ಮತ್ತು ಮಿಂಬರಿನಿಂದ ಹಾಗೆ ಬೋಧಿಸುವವರ ಮೇಲೆ, ಪರ್ಯಾಯವನ್ನು ಕಟ್ಟುವ ಹೊಣೆಯೂ ಬೀಳುತ್ತದೆ. ಆಹಾರ ಕಡಿಮೆಯಾದಾಗ ಇದ್ದುದನ್ನೆಲ್ಲ ಒಂದೇ ಬಟ್ಟೆಯಲ್ಲಿ ಒಟ್ಟುಗೂಡಿಸಿ ಸಮನಾಗಿ ಹಂಚಿಕೊಳ್ಳುತ್ತಿದ್ದ ಅಶ್‌ಅರೀ ಗೋತ್ರದವರನ್ನು ಪ್ರವಾದಿ(ಸ) ತಮ್ಮವರೆಂದು ಮೆಚ್ಚಿ ನುಡಿದಿದ್ದರು. ಆ ಬಟ್ಟೆಗೂ ನಮ್ಮ ಟವೆಲಿಗೂ ಇರುವ ಅಂತರವನ್ನು ಯೋಚಿಸಿರಿ. ಅಲ್ಲಿ ಎಲ್ಲರೂ ಪಾಲುದಾರರಾಗಿದ್ದರು. ಇಲ್ಲಿ ಒಬ್ಬ ಬೇಡುವವನು, ಉಳಿದವರು ನೀಡುವವರು.

ಒಂದು ಜಮಾಅತ್‌ನಲ್ಲಿ 300 ಮನೆಗಳಿದ್ದರೆ, ಮನೆಗೆ ತಿಂಗಳಿಗೆ 100 ರೂಪಾಯಿಯಂತೆ ವರ್ಷಕ್ಕೆ 3,60,000 ರೂಪಾಯಿ ಆಗುತ್ತದೆ. ಯಾರಿಗೆ, ಯಾವ ಕಾಯಿಲೆಗೆ, ಎಷ್ಟು ಎಂಬ ನಿಯಮ ಲಿಖಿತವಾಗಿರಲಿ. ಖಾತೆಗೆ ಮೂವರ ಸಹಿ ಇರಲಿ. ತಿಂಗಳ ಲೆಕ್ಕ ಮಸೀದಿಯ ಫಲಕದಲ್ಲಿ ಅಂಟಿಸಲ್ಪಡಲಿ. ಲಾಭದ ಮಾತು ಮಾತ್ರ ಅಲ್ಲಿ ಸುಳಿಯದಿರಲಿ. ‘ಹಲಾಲ್ ಲಾಭ’ದ ಹೆಸರಿನಲ್ಲಿ ಹಣ ಸಂಗ್ರಹಿಸಿದ ಬೆಂಗಳೂರಿನ ಐ.ಎಂ.ಎ. ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳ ಜೀವಮಾನದ ಗಳಿಕೆ ಮುಳುಗಿತು. 436 ರೂಪಾಯಿಯ ವಿಮೆಗೆ ಹತ್ತು ಪ್ರಶ್ನೆ ಕೇಳುವ ನಾವು, ಗಡ್ಡ ಟೊಪ್ಪಿಗಳನ್ನು ಕಂಡು ಲಕ್ಷಗಳನ್ನು ಪ್ರಶ್ನೆಯಿಲ್ಲದೆ ಕೊಟ್ಟೆವು. ಆ ಪಾಠವನ್ನು ಇಷ್ಟು ಬೇಗ ಮರೆಯಬಾರದು.

ಮಸೀದಿ ಕಮಿಟಿಗಳಲ್ಲಿ ಒಂದು ವಿನಂತಿ. ಮಿನಾರದ ಎತ್ತರದ ಬಗ್ಗೆ, ನೆಲದ ಟೈಲ್ಸಿನ ಬಣ್ಣದ ಬಗ್ಗೆ ಸಭೆ ಸೇರುವ ನೀವು ಒಂದು ಭಾನುವಾರವನ್ನು ಇದಕ್ಕೆ ಮೀಸಲಿಡಿ. ಅಂಗಳದಲ್ಲಿ ಎರಡು ಮೇಜು ಹಾಕಿ, ಓದಿದ ನಾಲ್ವರು ಯುವಕರನ್ನು ಕೂರಿಸಿ. ಪ್ರತಿ ಮನೆಯ ಆರೋಗ್ಯ ಕಾರ್ಡು ಆಗಿದೆಯೇ, ರೇಷನ್ ಕಾರ್ಡಿನಲ್ಲಿ ಹೆಸರು ಸರಿಯಿದೆಯೇ, ಬ್ಯಾಂಕಿನ ಆ ಎರಡು ಅರ್ಜಿಗಳು ತುಂಬಲ್ಪಟ್ಟಿವೆಯೇ, ನಾಮಿನಿ ಯಾರು ಎಂಬುದನ್ನು ಬರೆದುಕೊಳ್ಳಲಿ. 456 ರೂಪಾಯಿ ಭರಿಸಲಾಗದ ಮನೆಗೆ ಶ್ರೀಮಂತರೊಬ್ಬರು ಸದಕಾ ನೀಡಲಿ. ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಹಣವಿರಬೇಕೆಂದು ಜುಮಾದಲ್ಲೊಮ್ಮೆ ನೆನಪಿಸಲಿ, ಏಕೆಂದರೆ ಜೂನ್ 1ಕ್ಕೆ ನವೀಕರಣವಾಗದಿದ್ದರೆ ರಕ್ಷಣೆ ನಿಂತುಹೋಗುತ್ತದೆ.

ಇನ್ನು ಮನೆಯ ಯಜಮಾನರಲ್ಲಿ ಒಂದು ಮಾತು. ನಿಮ್ಮ ಪತ್ನಿಗೆ ಆ ಕಾಗದಗಳು ಎಲ್ಲಿವೆ ಎಂದು ಇಂದೇ ತೋರಿಸಿರಿ. ಗಂಡ ವಿಮೆ ಮಾಡಿಸಿದ್ದನೆಂಬ ವಿಷಯವೇ ತಿಳಿಯದೆ ಇದ್ದತ್ ಮುಗಿಸಿ ಕೂಲಿಗೆ ಹೋದ ಹೆಣ್ಣು ನಮ್ಮ ಊರುಗಳಲ್ಲಿ ಇರಬಾರದು. ಇಂದು ರಾತ್ರಿ ಊಟದ ಬಳಿಕ ಅರ್ಧ ಗಂಟೆ ಇಬ್ಬರೂ ಕುಳಿತು ಈ ಲೆಕ್ಕ ಹಾಕಿರಿ. ಮುಂದಿನ ಜುಮಾದ ಟವೆಲ್ ಯಾರ ಹೆಸರಿನಲ್ಲಿ ಹಾಸಲ್ಪಡುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.